ನಿಂತ ಪ್ರೆಶರ್, ಓಡುವ ಪ್ರೆಶರ್

ಬಾಯ್ಲರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಂದು ದೊಡ್ಡ ಗೊಂದಲ ಇತ್ತು. ಬಾಯ್ಲರಿನ ನೇಮ್ ಪ್ಲೇಟ್ ಮೇಲೆ 10.5 ಕೆಜಿ (ಚದರ ಸೆಂಟಿಮೀಟರಿಗೆ) ಅಂತ ಬರೆದಿದೆ, ಗ್ಯಾಸ್ ಮಾತ್ರ ಬರೀ 300 ಮಿಲಿಬಾರ್ ಬರುತ್ತಿದೆ, ಇದು ಹೇಗೆ ಸಾಕಾಗುತ್ತೆ? 10.5 ಅನ್ನೋದು ಹಬೆಯ ಒತ್ತಡ, ಗ್ಯಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಗ್ಯಾಸಿನ ಲೆಕ್ಕ ಗ್ಯಾಸ್ ಉರಿಸುವ ಬರ್ನರಿನ ಪ್ಲೇಟ್ ಮೇಲೆ ಬೇರೆಯೇ ಇರುತ್ತೆ. ಒಂದು ಬಾರ್ ಅಂದ್ರೆ 1000 ಮಿಲಿಬಾರ್, ಅಂದ್ರೆ ಸುಮಾರು ಒಂದು ಕೆಜಿ, ಹಾಗಾಗಿ 300 ಅಂದ್ರೆ ಒಂದು ಕೆಜಿಯ ಮೂರನೇ ಒಂದು ಭಾಗವೂ ಇಲ್ಲ.

ನಮ್ಮ ಬರ್ನರ್ ಪ್ಲೇಟ್‌ನಲ್ಲಿ ಎರಡು ಅಂಕಿ ಇದ್ದವು: ಕನಿಷ್ಠ 150, ಗರಿಷ್ಠ 360 ಮಿಲಿಬಾರ್. ಇವೆರಡರ ನಡುವೆ ಮುಳ್ಳು ನಿಂತರೆ ಆಯ್ತು ಅಂದುಕೊಂಡಿದ್ದೆ. ವರ್ಷಗಟ್ಟಲೆ ಹಾಗೇ ನಡೀತು.

ಆಮೇಲೆ ಒಂದು ವಾರ ಬಾಯ್ಲರ್ ದಿನಾ ಟ್ರಿಪ್ ಆಗೋಕೆ (ತಾನಾಗೇ ನಿಂತುಹೋಗೋಕೆ) ಶುರುವಾಯ್ತು, ಗ್ಯಾಸ್ ಪ್ರೆಶರ್ ಕಡಿಮೆ ಅಂತ. ಹೋಗಿ ನೋಡಿದರೆ ಗೇಜ್ 310 ತೋರಿಸುತ್ತೆ. ರೀಸೆಟ್ ಒತ್ತಿದರೆ ಉರಿ ಹತ್ತುತ್ತೆ, ಹತ್ತು ನಿಮಿಷ ಚೆನ್ನಾಗಿ ಓಡುತ್ತೆ, ಹಬೆಯ ಬೇಡಿಕೆ ಜಾಸ್ತಿ ಆಗಿ ಬರ್ನರ್ ಪೂರ್ತಿ ಉರಿಗೆ, ಅಂದ್ರೆ ಹೈ ಫೈರ್‌ಗೆ ಹೋದ ತಕ್ಷಣ ಮತ್ತೆ ಟ್ರಿಪ್. ಗ್ಯಾಸ್ ಒತ್ತಡ ಇಳಿದರೆ ಬರ್ನರ್ ನಿಲ್ಲಿಸುವ ಪ್ರೆಶರ್ ಸ್ವಿಚ್ಚೇ ಕೆಟ್ಟಿದೆ ಅಂತ ಬದಲಾಯಿಸಿದೆವು. ಏನೂ ಪ್ರಯೋಜನ ಆಗಲಿಲ್ಲ.

ಜೊತೆಯಲ್ಲಿದ್ದವನು ಹೇಳಿದ, "ಅಣ್ಣಾ, ಗ್ಯಾಸ್ ಒತ್ತಡದ ರೆಗ್ಯುಲೇಟರ್ ಸ್ಕ್ರೂ ಸ್ವಲ್ಪ ತಿರುಗಿಸಿ ಒಂದು ನೂರು ಏರಿಸಿಬಿಡೋಣ." ನಾನೂ ಸ್ಪ್ಯಾನರ್ ಕೈಗೆ ತಗೊಂಡಿದ್ದೆ, ನಿಜ ಹೇಳಬೇಕು. ಆಗ ತಲೆಗೆ ಹೊಳೆದಿದ್ದು, ನಾನು ಗೇಜ್ ನೋಡುತ್ತಿದ್ದದ್ದೆಲ್ಲ ಬರ್ನರ್ ನಿಂತಮೇಲೆ! ವಾಲ್ವ್ ಮುಚ್ಚಿದಾಗ ಗ್ಯಾಸ್ ಹರಿಯಲ್ಲ, ಹರಿಯದಿದ್ದರೆ ಒತ್ತಡ ಎಲ್ಲೂ ಇಳಿಯಲ್ಲ, ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ಪೂರ್ತಿ 310 ತೋರಿಸುತ್ತೆ. ಪ್ಲೇಟ್‌ನಲ್ಲಿರುವ ಕನಿಷ್ಠ ಅಂಕಿ ಹೈ ಫೈರ್‌ನಲ್ಲಿ ಗ್ಯಾಸ್ ಹರಿಯುವಾಗ ಇರಬೇಕಾದದ್ದು. ಗರಿಷ್ಠ ಅಂಕಿಯನ್ನು ನೋಡಬೇಕಾದದ್ದು ಎಲ್ಲ ಮುಚ್ಚಿ ನಿಂತಾಗ, ಒತ್ತಡ ಅತಿ ಜಾಸ್ತಿ ಇರೋದು ಆಗಲೇ. ಅವನು ಹೇಳಿದಂತೆ ನೂರು ಏರಿಸಿದ್ದರೆ ನಿಂತಾಗ 410 ಆಗಿ, 360ರ ಗಡಿ ದಾಟಿ, ಗ್ಯಾಸ್ ಮುಚ್ಚುವ ಸೇಫ್ಟಿ ವಾಲ್ವ್‌ಗಳ ಮೇಲೇ ಕೂತಿರುತ್ತಿತ್ತು.

ಎಲ್ಲೋ ಕಟ್ಟಿಕೊಂಡಿರಬೇಕು ಅಂತ, ಗ್ಯಾಸ್ ಲೈನಿನ ಫಿಲ್ಟರಿನ ಎರಡೂ ಕಡೆ ಒತ್ತಡ ಅಳೆಯೋಕೆ ಇರುವ ಟೆಸ್ಟ್ ನಿಪ್ಪಲ್‌ಗೆ ಡಿಜಿಟಲ್ ಮಾನೋಮೀಟರ್ (ಒತ್ತಡ ಅಳೆಯುವ ಮೀಟರ್) ಹಾಕಿದೆ. (ಹಿಂದೊಮ್ಮೆ ಇಂಥ ಲೈನಿಗೆ, ನೀರಿನ ಎತ್ತರದಿಂದ ಒತ್ತಡ ಅಳೆಯುವ ಯು-ಟ್ಯೂಬ್ ಸಿಕ್ಕಿಸಿ ಶರ್ಟೆಲ್ಲ ಒದ್ದೆ ಮಾಡಿಕೊಂಡವನು ನಾನು. 300 ಮಿಲಿಬಾರ್ ಅಂದ್ರೆ ಮೂರು ಮೀಟರ್ ಎತ್ತರದ ನೀರು! ಯು-ಟ್ಯೂಬ್ ಏನಿದ್ರೂ ಬರ್ನರ್ ಹೆಡ್ಡಿನ 20, 25 ಮಿಲಿಬಾರ್ ಅಳೆಯೋಕೆ ಸರಿ.) ಸಹಾಯಕ ಉರಿ ಏರಿಸುತ್ತಾ ಹೋದ, ನಾನು ಅಂಕಿ ನೋಡುತ್ತಾ ಕೂತೆ. ಲೋ ಫೈರ್‌ನಲ್ಲಿ ಫಿಲ್ಟರಿನ ಆಚೆ ಈಚೆ ಹತ್ತು ಮಿಲಿಬಾರ್ ವ್ಯತ್ಯಾಸ, ಅಷ್ಟೇ. ಹೈ ಫೈರ್‌ಗೆ ಬಂದಾಗ ಮುಂಚೆ 285, ಆಮೇಲೆ 115. ಸ್ವಿಚ್ ಸೆಟ್ಟಿಂಗ್ ಇದ್ದದ್ದು 120. ಪಾಪ, ಸ್ವಿಚ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು.

ಲೋ ಫೈರ್‌ನಲ್ಲಿ ಗೊತ್ತೇ ಆಗದಿರೋಕೆ ಕಾರಣ ಇದೆ. ಹರಿವು ಎರಡರಷ್ಟಾದರೆ ಒತ್ತಡದ ಇಳಿತ ಸುಮಾರು ನಾಲ್ಕರಷ್ಟಾಗುತ್ತೆ, ಹರಿವು ನಾಲ್ಕರಷ್ಟಾದರೆ ಇಳಿತ ಹದಿನಾರರಷ್ಟು. ಲೋ ಫೈರ್‌ನಲ್ಲಿ ಹತ್ತು ಅಂತ ಕಾಣಿಸಿದ್ದು ಹೈ ಫೈರ್‌ನಲ್ಲಿ 170 ಆಗಿ ನಿಂತಿತ್ತು.

ಗ್ಯಾಸ್ ಬಂದ್ ಮಾಡಿ, ಲೈನಿನಲ್ಲಿ ಉಳಿದದ್ದನ್ನು ವೆಂಟ್ ಮೂಲಕ ಹೊರಗೆ ಬಿಟ್ಟು ಫಿಲ್ಟರ್ ಬಿಚ್ಚಿದೆವು. ಒಳಗೆ ತುಕ್ಕಿನ ಪುಡಿ, ವೆಲ್ಡಿಂಗಿನ ಕಪ್ಪು ಚೂರುಗಳು. ಹಿಂದಿನ ತಿಂಗಳು ಪೈಪ್ ತಿರುಗಿಸಿ ವೆಲ್ಡ್ ಮಾಡಿದ್ದರು, ಒಳಗೆ ಊದಿ ಸ್ವಚ್ಛ ಮಾಡೋದನ್ನ ಯಾರೋ ಮರೆತಿದ್ದಾರೆ. ಫಿಲ್ಟರಿನೊಳಗೆ ಸೋಸುವ ಹೊಸ ಎಲಿಮೆಂಟ್ ಹಾಕಿ, ಜಾಯಿಂಟಿಗೆ ಸೋಪಿನ ನೀರು ಸವರಿ, ಗುಳ್ಳೆ ಬರಲ್ಲ ಅಂತ ಖಾತ್ರಿ ಮಾಡಿಕೊಂಡು ಉರಿ ಹಚ್ಚಿದೆವು. ಹೈ ಫೈರ್‌ನಲ್ಲಿ ಫಿಲ್ಟರ್ ದಾಟಿದ ಮೇಲೆ 275. ರೆಗ್ಯುಲೇಟರ್ ಸ್ಕ್ರೂ ಮುಟ್ಟಲೇ ಇಲ್ಲ.

ಈಗ ಲಾಗ್ ಬುಕ್‌ನಲ್ಲಿ ಗ್ಯಾಸ್ ಪ್ರೆಶರಿಗೆ ಎರಡು ಕಾಲಂ ಹಾಕಿದ್ದೇನೆ: ನಿಂತಾಗ ಒಂದು, ಹೈ ಫೈರ್‌ನಲ್ಲಿ ಒಂದು. ಸುಮ್ನೆ ಹಿಂದಿನ ದಿನದ್ದನ್ನೇ ನಕಲು ಮಾಡಿ ಬರೆಯುವ ಹುಡುಗರೂ ಇದ್ದಾರೆ, ಅದು ಬೇರೆ ಜಗಳ.