ಎಫ್‌ವಿ-1 ಚಿಪ್‌ನಲ್ಲಿ ಭಾಗವತರಿಗೊಂದು ಎಕೋ

"ಇರೋದೇ 128 ಇನ್‌ಸ್ಟ್ರಕ್ಷನ್. ಅದರಲ್ಲಿ ರಿವರ್ಬ್ (ಎಕೋದಂಥ ಗುಂಗು) ಬರೆದು, ಹಾಡುವಾಗ ತಾನಾಗಿ ತಗ್ಗುವ ಹಾಗೂ ಮಾಡೋದು ಆಗದ ಮಾತು" ಅಂತ ಎಫ್‌ವಿ-1 ಅನ್ನೋ ಆಡಿಯೋ ಚಿಪ್ ಬಗ್ಗೆ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಟೀನ್ಸಿ ತಗೋ, ಇಎಸ್‌ಪಿ32 ತಗೋ, ಅಂಥ ಮೈಕ್ರೋಕಂಟ್ರೋಲರ್ ಬೋರ್ಡ್ ಇರುವಾಗ ಆ ಹಳೇ ಚಿಪ್ ಯಾಕೆ ಅಂದರು. ಯಕ್ಷಗಾನ ಮೇಳದ ಕಳೆದ ತಿರುಗಾಟದಲ್ಲಿ ಆ ಚಿಪ್‌ನಿಂದ ನಾನು ಮಾಡಿದ ಡಬ್ಬಿ ದೀಪಾವಳಿಯಿಂದ ಪತ್ತನಾಜೆವರೆಗೆ (ಮೇ ಕೊನೆಗೆ ಆಟ ನಿಲ್ಲುವ ದಿನ) ಭಾಗವತರ, ಅಂದರೆ ಪದ್ಯ ಹಾಡುವವರ, ಮೈಕಿನ ಹಿಂದೆ ಕೂತು ಕೆಲಸ ಮಾಡಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬಯಲಾಟಕ್ಕೆ ಸೌಂಡ್ ಹಾಕುವವರಿಗೆ ಈ ಸಮಸ್ಯೆ ಗೊತ್ತೇ ಇದೆ. ಗದ್ದೆಯಲ್ಲಿ ಗೋಡೆ ಇಲ್ಲ, ಚಾವಣಿ ಇಲ್ಲ. ಎಕೋ ಇಲ್ಲದೆ ಪದ್ಯ ಒಣಗಿದ ಹಾಗೆ ಕೇಳುತ್ತದೆ. ಮಿಕ್ಸರ್‌ನ ಎಕೋ ಕೊಟ್ಟರೆ ಸಾಹಿತ್ಯ ಕಲಸಿಹೋಗುತ್ತದೆ. ಒಬ್ಬ ಹಿರಿಯ ಭಾಗವತರು ಆಟ ಮುಗಿದ ಮೇಲೆ ಕರೆದು, "ಎಂತ ಮಾರಾಯಾ, ನನ್ನನ್ನು ಬಾವಿಯೊಳಗೆ ಕೂರಿಸಿದ್ದೀಯಾ?" ಅಂತ ಕೇಳಿದ್ದರು. ನನಗೆ ಬೇಕಾಗಿದ್ದು ಇಷ್ಟೇ. ಪದ್ಯ ಹೇಳುತ್ತಿರುವಾಗ ರಿವರ್ಬ್ ತಗ್ಗಬೇಕು, ಸಾಲಿನ ಕೊನೆಯಲ್ಲಿ ಸ್ವರ ಬಿಟ್ಟಾಗ ಏಳಬೇಕು.

ಎಫ್‌ವಿ-1 ಯಾಕೆ ಅಂದರೆ, ಸದ್ದನ್ನು ಅಂಕಿಯಾಗಿಸುವ ಎಡಿಸಿ, ಅಂಕಿಯನ್ನು ಮತ್ತೆ ಸದ್ದಾಗಿಸುವ ಡಿಎಸಿ, ಸದ್ದನ್ನು ತಡೆದಿಡುವ 32,768 ಸ್ಯಾಂಪಲ್‌ನಷ್ಟು ಡಿಲೇ ಮೆಮೊರಿ ಎಲ್ಲ ಒಂದೇ ಚಿಪ್‌ನಲ್ಲಿವೆ. ವಾಚ್‌ನ ಕ್ರಿಸ್ಟಲ್ ಹಾಕಿದರೆ ಸರಿಯಾಗಿ ಒಂದು ಸೆಕೆಂಡ್ ಡಿಲೇ. ಅಲೆಸಿಸ್ ಎಂಬ ಆಡಿಯೋ ಕಂಪನಿ ಕಟ್ಟಿದ ಕೀತ್ ಬಾರ್ ರೂಪಿಸಿದ ಚಿಪ್ ಇದು, ರಿವರ್ಬ್ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಆಲ್‌ಪಾಸ್‌ಗೆ (ಸದ್ದನ್ನು ಹರಡಿ ಗುಂಗು ಮಾಡುವ ಫಿಲ್ಟರ್) ಎರಡೇ ಸಾಲು ಸಾಕು: ಆರ್‌ಡಿಎ ಎಂಬ ಇನ್‌ಸ್ಟ್ರಕ್ಷನ್‌ನಿಂದ ಡಿಲೇಯ ಕೊನೆಯಿಂದ 0.5 ಓದು, ವ್ರ್ಯಾಪ್ ಎಂಬುದರಿಂದ -0.5 ಜೊತೆ ಶುರುವಿಗೆ ಬರೆ. ಬೇರೆ ಯಾವ ಚಿಪ್‌ನಲ್ಲೂ ನನಗೆ ಇಷ್ಟು ಅಗ್ಗದಲ್ಲಿ ಆಲ್‌ಪಾಸ್ ಸಿಕ್ಕಿಲ್ಲ. ಟೀನ್ಸಿ ಒಳ್ಳೇದೇ, ಆದರೆ ಅದಕ್ಕೆ ಆಡಿಯೋ ಬೋರ್ಡ್ ಬೇರೆ ಕೊಳ್ಳಬೇಕು, ಅಲ್ವಾ?

ರಿವರ್ಬ್ ಭಾಗ ಸುಮಾರು 70 ಇನ್‌ಸ್ಟ್ರಕ್ಷನ್ ತಿಂದಿತು. ಮುಂದೆ ನಾಲ್ಕು ಆಲ್‌ಪಾಸ್, ಹಿಂದೆ ಸುತ್ತುವ ಲೂಪ್. ಇದು ಎಲ್ಲರೂ ಮಾಡುವುದೇ, ಹೆಚ್ಚು ಹೇಳಲ್ಲ. ಗಲಾಟೆ ಶುರುವಾಗಿದ್ದು ತಗ್ಗಿಸುವ ಭಾಗದಲ್ಲಿ.

ಮೊದಲು ಸುಲಭದ ದಾರಿ ಹಿಡಿದೆ. ಇನ್‌ಪುಟ್ ಓದಿ, ಆಬ್ಸಾ ಮಾಡಿ (ಮೈನಸ್ ಚಿಹ್ನೆ ತೆಗೆದು), ಮ್ಯಾಕ್ಸ್‌ಎಕ್ಸ್ (ಎರಡರಲ್ಲಿ ದೊಡ್ಡದನ್ನು ಉಳಿಸುವ ಇನ್‌ಸ್ಟ್ರಕ್ಷನ್) ಹಾಕಿ ಸದ್ದಿನ ಪೀಕ್ ಹಿಡಿಯೋದು. ಹಿಡಿದ ಪೀಕ್ ಸ್ಯಾಂಪಲ್‌ಗೊಮ್ಮೆ ಇಳಿಯುವ ಗುಣಾಂಕ 0.9998 ಕೊಟ್ಟರೆ ಅದು ಇಳಿಯುವ ಬಿಡುಗಡೆ ಸಮಯ 0.15 ಸೆಕೆಂಡ್ ಬರುತ್ತದೆ. ಪದ್ಯಕ್ಕೆ ಅದು ಸಾಲದು, ಪದ ಪದಕ್ಕೂ ರಿವರ್ಬ್ ಇಣುಕುತ್ತದೆ. ಗುಣಾಂಕದ ಅತಿ ಸಣ್ಣ ಹೆಜ್ಜೆ 16,384ರಲ್ಲಿ ಒಂದು ಭಾಗ. ಅಂದರೆ ಒಂದಕ್ಕೆ ಎಷ್ಟು ಹತ್ತಿರ ಹೋದರೂ ಅರ್ಧ ಸೆಕೆಂಡ್ ದಾಟಲ್ಲ. ಪುಣ್ಯಕ್ಕೆ ವಿಳಂಬದ ಪದ್ಯಕ್ಕೂ ಅರ್ಧ ಸೆಕೆಂಡ್ ಸಾಕಾಯಿತು.

ಆಮೇಲೆ ಬಂತು ತಮಾಷೆ. ಮನೆಯಲ್ಲಿ ಸರಿ ಇದ್ದದ್ದು ರಂಗಸ್ಥಳದಲ್ಲಿ ಉಲ್ಟಾ ಹೊಡೆಯಿತು. ಭಾಗವತರು ಏರುಪದ್ಯಕ್ಕೆ ಗಂಟಲು ಬಿಟ್ಟ ಕೂಡಲೇ ತಗ್ಗಬೇಕಾದ ರಿವರ್ಬ್ ಜಾಸ್ತಿಯಾಗುತ್ತಿತ್ತು! ಮಟ್ಟವನ್ನು ನಾಲ್ಕು ಪಟ್ಟು ಮಾಡಿ 0.999ರಿಂದ ಕಳೆದು, ಬಂದದ್ದನ್ನು ರಿವರ್ಬ್‌ಗೆ ಗುಣಿಸುತ್ತಿದ್ದೆ. ಮಟ್ಟ ಕಾಲು ಭಾಗ ದಾಟಿದರೆ ಉತ್ತರ ಮೈನಸ್. ಮೈನಸ್‌ನಿಂದ ಗುಣಿಸಿದರೂ ಸದ್ದು ಸದ್ದೇ ತಾನೇ, ಫೇಸ್ ತಿರುಗಿರುತ್ತದೆ ಅಷ್ಟೆ. ಮೈನಸ್ ಅಲ್ಲದಿದ್ದರೆ ಮುಂದಿನ ಸಾಲು ಹಾರಿಸುವ ಸ್ಕಿಪ್ ಜಿಇಝಡ್ ಒಂದು, ಸೊನ್ನೆ ಮಾಡುವ ಕ್ಲಿಯರ್ ಒಂದು, ಎರಡೇ ಸಾಲಿನಲ್ಲಿ ಸರಿಹೋಯಿತು. ಅದನ್ನು ಹುಡುಕಲು ಹೋದ ರಾತ್ರಿಗಳ ಲೆಕ್ಕ ಬೇಡ. ಇನ್ನೊಂದು, ರಿವರ್ಬನ್ನು ಪೂರ್ತಿ ಸೊನ್ನೆಗೆ ಇಳಿಸಬೇಡಿ. ಕಾಲು ಭಾಗ ಉಳಿಸಿ. ಇಲ್ಲದಿದ್ದರೆ ಯಾರೋ ಸ್ವಿಚ್ ಹಾಕಿ ತೆಗೆದ ಹಾಗೆ ಕೇಳುತ್ತದೆ.

ನಿಜವಾದ ಶತ್ರು ಚಂಡೆ. ಭಾಗವತರ ಮೈಕಿಗೆ ಚಂಡೆ ಧಾರಾಳವಾಗಿ ಬೀಳುತ್ತದೆ. ಮ್ಯಾಕ್ಸ್‌ಎಕ್ಸ್ ಒಂದೊಂದು ಪೆಟ್ಟನ್ನೂ ಹಾಡು ಅಂತಲೇ ತಿಳಿದುಕೊಂಡು ರಿವರ್ಬನ್ನು ಅದುಮುತ್ತಿತ್ತು. ಇದನ್ನು ನೋಡಿ ನಮ್ಮ ಸೌಂಡ್‌ನವರು ನಕ್ಕರು. ಆಗ ಪತ್ತೆಹಚ್ಚುವ ದಾರಿಗೆ ಮಾತ್ರ ಬೇರೆ ಫಿಲ್ಟರ್ ಹಾಕಿದೆ. ಆರ್‌ಡಿಎಫ್‌ಎಕ್ಸ್ (ಫಿಲ್ಟರ್ ಇನ್‌ಸ್ಟ್ರಕ್ಷನ್) 0.2 ಅಂದರೆ ಸುಮಾರು 1,160 ಹರ್ಟ್ಜ್‌ಗಿಂತ ಮೇಲಿನದು ಇಳಿಯುತ್ತದೆ, ಚಂಡೆಯ ಕೋಲಿನ ಚುರುಕು ಅಲ್ಲೇ ಸಾಯುತ್ತದೆ. 0.05ರದ್ದು ಇನ್ನೊಂದು ಮಾಡಿ ಕಳೆದರೆ ಮದ್ದಳೆಯ ಗುಮುಕು ಹೋಗುತ್ತದೆ. ಆಬ್ಸಾ ಆದ ಮೇಲೆ 0.002ರ ಆರ್‌ಡಿಎಫ್‌ಎಕ್ಸ್. ಅದು 15 ಮಿಲಿಸೆಕೆಂಡ್ ಸರಾಸರಿ ಹಾಕುತ್ತದೆ, ಬಿಡಿ ಪೆಟ್ಟು ಕರಗಿಹೋಗುತ್ತದೆ. ಆಮೇಲೆ ಮ್ಯಾಕ್ಸ್‌ಎಕ್ಸ್. ಚಂಡೆಯನ್ನು ಒಂದೇ ಸಮ ಉರುಳಿಸಿದಾಗ ಇದೂ ಸೋಲುತ್ತದೆ. ಅದಕ್ಕೆ ಚಿಪ್‌ನ ಖಾಲಿ ಇದ್ದ ಬಲಗಡೆ ಇನ್‌ಪುಟ್ಟನ್ನು ಬಳಸಿಕೊಂಡಿದ್ದೇನೆ. ಹೇಗೆ ಅಂತ ಸದ್ಯಕ್ಕೆ ಹೇಳಲ್ಲ, ಇಷ್ಟು ಹೇಳಿದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ. ಎಲ್ಲ ಸೇರಿ 117-118 ಇನ್‌ಸ್ಟ್ರಕ್ಷನ್‌ಗೆ ನಿಂತಿತು. ಹತ್ತು ಇನ್ನೂ ಖಾಲಿ!

ದುಡ್ಡಿನ ವಿಷಯ. ಚಿಪ್ ಹೊರಗಿನಿಂದ ತರಿಸಿದ್ದು, ಸಾಗಣೆ ಸೇರಿ ಒಂದಕ್ಕೆ ಸಾವಿರದ ಮೇಲೆ ಬಿತ್ತು. 28 ಕಾಲಿನ ಎಸ್‌ಒಐಸಿ (ಬೋರ್ಡಿನ ಮೇಲೇ ಬೆಸೆಯುವ ಸಣ್ಣ ಚಿಪ್) ಬೆಸುಗೆಯಲ್ಲಿ ಒಂದೆರಡು ಹೋದವು. ಪ್ರೋಗ್ರಾಂ ಇಡುವ ಈಪ್ರಾಮ್ ಮೆಮೊರಿ, ಸಿಗ್ನಲ್ ಹೆಚ್ಚು-ಕಮ್ಮಿ ಮಾಡುವ ಆಪ್‌ಆಂಪ್, ಜ್ಯಾಕ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಆ ಈಪ್ರಾಮ್, ಅಂದರೆ 24ಎಲ್‌ಸಿ32ಕ್ಕೆ ಸಾಕೆಟ್ ಹಾಕಿ, ಕಿತ್ತು ಆರ್ಡುಯಿನೋದಲ್ಲಿ ಬರೆದು ವಾಪಸ್ ಕೂರಿಸಿ. ಬೋರ್ಡ್‌ನಲ್ಲೇ ಬರೆಯಲು ಹೋಗಿ ಎಫ್‌ವಿ-1 ಜೊತೆ ಜಗಳ ಆಡಬೇಡಿ. ಹೆಚ್ಚು ದುಡ್ಡು ತಿಂದದ್ದು ಅಡಾಪ್ಟರ್. ಅಗ್ಗದ 12 ವೋಲ್ಟ್‌ನವು ಕುಂಯ್ ಅಂತ ಸದ್ದು ಕೊಡುತ್ತಿದ್ದವು. ಮೂರ್ನಾಲ್ಕು ಕೊಂಡು ಬಿಸಾಕಿ, ಕೊನೆಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಹಾಕಿಯೇ ನೆಮ್ಮದಿ. ಮೊದಲ ಡಬ್ಬಿ ಮಾತಾಡುವಷ್ಟರಲ್ಲಿ 18-20 ಸಾವಿರ ಹೋಗಿತ್ತು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ. ಈಗ ಒಂದು ಡಬ್ಬಿ ಮೂರೂವರೆ ಸಾವಿರಕ್ಕೆ ಮುಗಿಯುತ್ತದೆ.

ಮಧ್ಯೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಕ್ರಿಸ್ಟಲ್ ತೆಗೆದು ಹೊರಗಿನಿಂದ 24 ಕಿಲೋಹರ್ಟ್ಜ್ ಕ್ಲಾಕ್ ಕೊಟ್ಟೆ. ಡಿಲೇ 1.37 ಸೆಕೆಂಡ್‌ಗೆ ಹಿಗ್ಗಿತು, ಆದರೆ ತಾಳದ ಝೇಂಕಾರ ಮಂಕಾಯಿತು. ಬಿಟ್ಟೆ. ಮೈಕ್ ಕೂಗೋದನ್ನು ತಡೆಯಲು ರ‍್ಯಾಂಪ್ ಎಲ್‌ಎಫ್‌ಒದಿಂದ (ಚಿಪ್‌ನೊಳಗಿನ ನಿಧಾನದ ಅಲೆ) ಪಿಚ್ಚನ್ನು ಕೂದಲೆಳೆಯಷ್ಟು ಏರಿಸಿದೆ. ಕೂಗು ಕಮ್ಮಿಯಾದದ್ದು ಹೌದು. ಆದರೆ ಶ್ರುತಿಪೆಟ್ಟಿಗೆಯ ಜೊತೆ ಅಲೆ ಅಲೆಯಾಗಿ ಬಡಿಯತೊಡಗಿತು. ಭಾಗವತರು ತಿರುಗಿ ನೋಡಿದ ನೋಟಕ್ಕೇ ಅದನ್ನು ತೆಗೆದುಬಿಟ್ಟೆ. ಅದರ ಬದಲು ಲೂಪ್‌ನ ಒಂದು ಡಿಲೇಯನ್ನು ಸೈನ್ ಎಲ್‌ಎಫ್‌ಒದಿಂದ ನಿಧಾನವಾಗಿ ಅಲ್ಲಾಡಿಸಿದ್ದೇನೆ. ತಗಡಿನ ಸದ್ದು ಹೋಗುತ್ತದೆ, ಶ್ರುತಿ ಕೆಡಲ್ಲ.

ಹಾಕುವವರಿಗೆ ಒಂದು ಮಾತು. ಡಬ್ಬಿಗೆ ಮಿಕ್ಸರ್‌ನ ಪ್ರೀ-ಫೇಡರ್ ಆಕ್ಸ್‌ನಿಂದಲೇ (ಫೇಡರ್‌ಗೆ ಮೊದಲೇ ಕವಲೊಡೆಯುವ ಔಟ್‌ಪುಟ್) ಕೊಡಿ. ಪೋಸ್ಟ್ ಕೊಟ್ಟರೆ ಫೇಡರ್ ಮುಟ್ಟಿದಾಗಲೆಲ್ಲ ತಗ್ಗುವ ಲೆಕ್ಕ ಬದಲಾಗುತ್ತದೆ. ಚಿಪ್‌ಗೆ ಹೋಗುವ ಮೊದಲು ಮಟ್ಟ ಇಳಿಸಿ, ಅದು ಓಡೋದು 3.3 ವೋಲ್ಟ್‌ನಲ್ಲಿ, ಮಿಕ್ಸರ್‌ನಿಂದ ಬರೋದು ಅದಕ್ಕಿಂತ ಜಾಸ್ತಿ.

ಈಪ್ರಾಮ್‌ನಲ್ಲಿ ಎಂಟು ಪ್ರೋಗ್ರಾಂಗೆ ಜಾಗ ಇದೆ, ನಾನು ತುಂಬಿರೋದು ಮೂರು. ಮೂರನೆಯದು ತಾಳಮದ್ದಳೆಗೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ನಡೆಸುವ ಆಟಕ್ಕೆ. ಅಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತಿಗೆ ರಿವರ್ಬ್ ಸುತರಾಂ ಬೇಡ, ಪದ್ಯಕ್ಕೆ ಮಾತ್ರ ಸ್ವಲ್ಪ ಬೇಕು. ಸಭಾಂಗಣದ್ದೇ ಗುಂಗು ಬೇರೆ ಇರುತ್ತದೆ. ಉದ್ದ ಎಷ್ಟಿಡಬೇಕು ಅಂತ ಈ ಮಳೆಗಾಲದಲ್ಲಿ ನೋಡಬೇಕು.