ಚಿತ್ರೋತ್ಸವಕ್ಕೆ ಹೋಗುವ ಪ್ರತಿ: ಸಬ್‌ಟೈಟಲ್‌ನಿಂದ ಡಿಸಿಪಿವರೆಗೆ

2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ‘ತಿಥಿ’, 2022ರಲ್ಲಿ ಬೂಸಾನ್‌ನಲ್ಲಿ ‘ಶಿವಮ್ಮ’ ಗೆದ್ದದ್ದು ಹೊಸಬರ ಸ್ಪರ್ಧಾ ವಿಭಾಗಗಳಲ್ಲಿ. ಕನ್ನಡದ ಹೊಸ ನಿರ್ದೇಶಕರು ಈಗ ಮೊದಲ ಚಿತ್ರವನ್ನೇ ಹೊರಗೆ ಕಳಿಸುವ ಧೈರ್ಯ ಮಾಡುತ್ತಿದ್ದಾರೆ. ಆದರೆ ಹೆಚ್ಚಿನವರು ಸಂಕಲನ ಮುಗಿಯುವಷ್ಟರಲ್ಲಿ ದುಡ್ಡನ್ನೂ ದಿನಗಳನ್ನೂ ಖಾಲಿ ಮಾಡಿಕೊಂಡಿರುತ್ತಾರೆ. ನಾನು ಕೈಹಾಕುವ ಚಿತ್ರಗಳಲ್ಲಿ ಸಬ್‌ಟೈಟಲ್, ಡಿಸಿಪಿ (ಚಿತ್ರಮಂದಿರದಲ್ಲಿ ಓಡುವ ಡಿಜಿಟಲ್ ಪ್ರತಿ) ಮತ್ತು ಒಂದು ಪರೀಕ್ಷಾ ಪ್ರದರ್ಶನಕ್ಕೆ ಬೇಕಾದ ಹಣವನ್ನು ಚಿತ್ರೀಕರಣಕ್ಕೆ ಮುಂಚೆಯೇ ತೆಗೆದಿಡಿಸುತ್ತೇನೆ. ಕನ್ನಡ ಬಾರದ ಪ್ರೇಕ್ಷಕರಿಗೆ ಸಿನಿಮಾ ಸಿಗುವುದು ಆ ಪ್ರತಿಯ ಮೂಲಕ ಮಾತ್ರ.

ಪ್ರೀಮಿಯರ್ ವಿಚಾರ ಮೊದಲೇ ತೀರ್ಮಾನವಾಗಬೇಕು. ಸ್ಪರ್ಧಾ ವಿಭಾಗಗಳು ಸಾಮಾನ್ಯವಾಗಿ ಜಗತ್ತಿನ ಮೊದಲ ಪ್ರದರ್ಶನ, ಇಲ್ಲವೇ ತಯಾರಾದ ದೇಶದ ಹೊರಗಿನ ಮೊದಲ ಪ್ರದರ್ಶನ ಕೇಳುತ್ತವೆ. ಪರಿಚಯದವರು ಕರೆದರೆಂದು ವಿದೇಶದ ಸಣ್ಣ ಉತ್ಸವವೊಂದರಲ್ಲಿ ತೋರಿಸಿಬಿಟ್ಟರೆ ಈ ಎರಡೂ ಬಾಗಿಲು ಒಟ್ಟಿಗೇ ಮುಚ್ಚುತ್ತವೆ. ರಾಟರ್‌ಡ್ಯಾಮ್ ಜನವರಿ ಕೊನೆಯಲ್ಲಿ, ಬರ್ಲಿನ್ ಫೆಬ್ರವರಿಯಲ್ಲಿ, ಲೊಕಾರ್ನೋ ಆಗಸ್ಟ್‌ನಲ್ಲಿ ನಡೆಯುತ್ತವೆ. ಅರ್ಜಿಯ ಕೊನೆಯ ದಿನ ಅದಕ್ಕಿಂತ ತಿಂಗಳುಗಟ್ಟಲೆ ಮುಂಚೆ ಬಂದುಹೋಗುತ್ತದೆ. ಆಯ್ಕೆ ಸಮಿತಿಗೆ ಪಾಸ್‌ವರ್ಡ್ ಇರುವ ವಿಮಿಯೋ ಲಿಂಕ್ ಸಾಕು. ಸಬ್‌ಟೈಟಲ್ ಚಿತ್ರದ ಮೇಲೇ ಅಚ್ಚಾಗಿರಲಿ, ಒಮ್ಮೆ ಕೊಟ್ಟ ಪಾಸ್‌ವರ್ಡ್ ಉತ್ತರ ಬರುವ ತನಕ ಬದಲಾಗದಿರಲಿ.

ಹೆಚ್ಚು ಸಮಯ ಬೇಡುವುದು ಸಬ್‌ಟೈಟಲ್. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ಸುಮಾರು 40 ಅಕ್ಷರ, ಸೆಕೆಂಡಿಗೆ 15ರಿಂದ 17 ಅಕ್ಷರದ ಓದಿನ ವೇಗ, ಪರದೆಯ ಮೇಲೆ ಕನಿಷ್ಠ ಒಂದು ಸೆಕೆಂಡ್, ಗರಿಷ್ಠ ಆರು. ಎರಡು ಸಬ್‌ಟೈಟಲ್‌ಗಳ ನಡುವೆ ಎರಡು ಫ್ರೇಮ್ ಬಿಡುವು ಕೊಡುತ್ತೇನೆ; ಬಿಡದಿದ್ದರೆ ಸಾಲು ಬದಲಾದದ್ದೇ ಕಣ್ಣಿಗೆ ಗೊತ್ತಾಗುವುದಿಲ್ಲ. ಜಗಳದ ದೃಶ್ಯದಲ್ಲಿ ಮೂವರು ಒಟ್ಟಿಗೆ ಮಾತಾಡಿದರೆ ಎಲ್ಲವನ್ನೂ ಬರೆಯಲು ಹೋಗಬಾರದು. ಕಥೆ ಯಾರ ಮಾತಿನ ಮೇಲೆ ನಿಂತಿದೆಯೋ ಅದನ್ನಷ್ಟೇ ಉಳಿಸಬೇಕು. ಹೊಸ ಶಾಟ್ ಬಂದ ಮೇಲೂ ಹಳೆಯ ಸಾಲು ಕೆಲವು ಫ್ರೇಮ್ ಉಳಿದರೆ ನೋಡುವವರ ಕಣ್ಣು ಅದನ್ನೇ ಮತ್ತೊಮ್ಮೆ ಓದಲು ಹೋಗುತ್ತದೆ. ಹಾಗಾಗಿ ಕಟ್‌ಗೆ ಸರಿಯಾಗಿ ಸಾಲನ್ನು ಮುಗಿಸುತ್ತೇನೆ. ಪಾತ್ರ ತಡೆದು ತಡೆದು ಹೇಳುವ ವಾಕ್ಯವನ್ನು ಇಡಿಯಾಗಿ ಮೊದಲೇ ತೋರಿಸುವುದು ನಟರಿಗೆ ಮಾಡುವ ಅನ್ಯಾಯ; ಅದನ್ನು ಎರಡಾಗಿ ಒಡೆಯಲೇಬೇಕು. ಬಿಳಿ ಪಂಚೆ, ಸುಣ್ಣದ ಗೋಡೆ, ಬಿಸಿಲಿನ ಬಯಲು ಇರುವ ಚಿತ್ರಕ್ಕೆ ತೆಳುವಾದ ಕಪ್ಪು ಅಂಚಿಲ್ಲದ ಬಿಳಿ ಅಕ್ಷರ ಹಾಕಿದರೆ ಓದಲು ಆಗುವುದಿಲ್ಲ. ಕೊನೆಗೆ, ಕನ್ನಡ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಪೂರ್ತಿ ತೋರಿಸಿ. ಕನ್ನಡ ಬಲ್ಲವರು ಕಿವಿಯಿಂದಲೇ ಅರ್ಥ ಮಾಡಿಕೊಳ್ಳುವುದರಿಂದ ಸಬ್‌ಟೈಟಲ್‌ನ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ.

ಚಿತ್ರಮಂದಿರಕ್ಕೆ ಹೋಗುವ ಪ್ರತಿ ಡಿಸಿಪಿ. ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡಬಹುದು. 2ಕೆ ಫ್ಲ್ಯಾಟ್ (ಸಾಮಾನ್ಯ ಅಗಲದ ಚೌಕಟ್ಟು) ಅಳತೆ 1998×1080, ಸ್ಕೋಪ್ (ಇನ್ನೂ ಅಗಲದ ಚೌಕಟ್ಟು) 2048×858 ಪಿಕ್ಸೆಲ್. ನಿಮ್ಮ ಚಿತ್ರ 1920×1080ರಲ್ಲಿದ್ದರೆ ಎರಡೂ ಬದಿಗೆ 39 ಪಿಕ್ಸೆಲ್ ಕಪ್ಪು ಬಿಟ್ಟುಬಿಡಿ. ಅಗಲ ತುಂಬಿಸಲು ಹಿಗ್ಗಿಸಿದರೆ ಮೇಲೆ ಕೆಳಗೆ ತಲಾ ಸುಮಾರು 22 ಪಿಕ್ಸೆಲ್ ಕತ್ತರಿಸಿಹೋಗುತ್ತದೆ.

ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆದ ಚಿತ್ರಕ್ಕೆ ಎರಡು ದಾರಿ. ಎಸ್‌ಎಂಪಿಟಿಇ ಎಂಬ ಹೊಸ ಮಾದರಿಯ ಡಿಸಿಪಿಯಲ್ಲಿ 25ನ್ನೇ ಉಳಿಸಬಹುದು. ಆದರೆ ಅದಕ್ಕೆ ಮೊದಲು ಉತ್ಸವದ ತಾಂತ್ರಿಕ ವಿಭಾಗ ಒಪ್ಪಿಗೆ ಬರೆದು ಕಳಿಸಲಿ. ಇಲ್ಲವೇ 24ಕ್ಕೆ ಇಳಿಸಬೇಕು. ಆಗ 100 ನಿಮಿಷದ ಚಿತ್ರ ನಾಲ್ಕು ನಿಮಿಷಕ್ಕೂ ಹೆಚ್ಚು ಉದ್ದವಾಗುತ್ತದೆ, ಧ್ವನಿಯ ಸ್ಥಾಯಿ ಶೇ. 4ರಷ್ಟು ಇಳಿಯುತ್ತದೆ. ಸ್ಥಾಯಿ ಸರಿಪಡಿಸದಿದ್ದರೆ ಮಕ್ಕಳ ದನಿಯೂ ಹಾಡೂ ಭಾರವಾಗಿ ಕೇಳುತ್ತವೆ. ಚಿತ್ರೀಕರಣಕ್ಕೆ ಮುಂಚೆಯೇ ಕ್ಯಾಮೆರಾವನ್ನು 24ಕ್ಕೆ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಧ್ವನಿ 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೋ ಮಿಕ್ಸ್ ಅನ್ನು ಹಾಗೇ ಹಾಕಿದರೆ ಮಾತು ಎಡ–ಬಲ ಸ್ಪೀಕರುಗಳಿಂದ ಮಾತ್ರ ಬರುತ್ತದೆ, ಸಭಾಂಗಣದ ಬದಿಯ ಸೀಟುಗಳಲ್ಲಿ ಕೂತವರಿಗೆ ಮಾತು ಪರದೆಯ ಒಂದು ಮೂಲೆಯಿಂದ ಕೇಳಿದಂತಾಗುತ್ತದೆ. ಮಾತು ಮಧ್ಯದ ಚಾನೆಲ್‌ನಲ್ಲಿರುವ 5.1 (ಆರು ಚಾನೆಲ್‌ಗಳ) ಮಿಕ್ಸ್ ಮಾಡಿಸಿ. ಮೌನ, ಗಾಳಿ, ದೂರದ ನಾಯಿಯ ಬೊಗಳು ಇಂಥವುಗಳ ಮೇಲೆ ನಿಂತ ಚಿತ್ರವನ್ನಂತೂ ಸಣ್ಣ ಕೋಣೆಯ ಸ್ಪೀಕರುಗಳಲ್ಲೇ ಮುಗಿಸಬಾರದು. ಚಿತ್ರಮಂದಿರದ ಪ್ರಮಾಣಿತ ಫೇಡರ್ (ಧ್ವನಿಯನ್ನು ಏರಿಸಿ ಇಳಿಸುವ ನಿಯಂತ್ರಕ) ಮಟ್ಟ 7. ಎಷ್ಟೋ ಕಡೆ ಅದನ್ನು 5ರ ಆಸುಪಾಸಿಗೆ ಇಳಿಸಿಟ್ಟಿರುತ್ತಾರೆ, ಸೂಕ್ಷ್ಮ ಸದ್ದೆಲ್ಲ ಅಲ್ಲೇ ಅಳಿಸಿಹೋಗುತ್ತದೆ. ಪ್ರತಿಯ ಜೊತೆಗಿನ ತಾಂತ್ರಿಕ ಪತ್ರದಲ್ಲಿ ಬೇಕಾದ ಮಟ್ಟವನ್ನು ಬರೆಯುತ್ತೇನೆ, ತಂತ್ರಜ್ಞರ ತಪಾಸಣೆಯ ಹೊತ್ತಿಗೆ ನಿರ್ದೇಶಕರೇ ಹೋಗಿ ಕೇಳಲಿ ಎನ್ನುತ್ತೇನೆ.

ಡಿಸಿಪಿಯಲ್ಲಿ ಚಿತ್ರದ ದತ್ತಾಂಶಕ್ಕೆ ಮಿತಿ ಸೆಕೆಂಡಿಗೆ 250 ಮೆಗಾಬಿಟ್. 150ರಲ್ಲಿ ಮಾಡಿದರೂ 100 ನಿಮಿಷದ ಚಿತ್ರ 115 ಜಿಬಿ ಆಸುಪಾಸು ಆಗುತ್ತದೆ. 20 ಎಂಬಿಪಿಎಸ್ ಸಂಪರ್ಕದಲ್ಲಿ ಅಪ್‌ಲೋಡ್‌ಗೆ 12 ಗಂಟೆಗೂ ಮೇಲೆ ಬೇಕು. ಡಿಸ್ಕ್ ಕಳಿಸುವುದಾದರೆ ಒಂದೇ ಪಾರ್ಟಿಷನ್, ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 (ಲಿನಕ್ಸ್‌ನ) ಫಾರ್ಮ್ಯಾಟ್ ಇರಲಿ. ಒಳಗಿನ ಫೈಲುಗಳ ಹೆಸರು ತಿದ್ದಬೇಡಿ. ತಿದ್ದಿದರೆ ಅಸೆಟ್‌ಮ್ಯಾಪ್ ಎಂಬ ಫೈಲುಪಟ್ಟಿಯಲ್ಲಿರುವ ಹೆಸರಿಗೂ ಫೈಲಿಗೂ ತಾಳೆಯಾಗದೆ ಚಿತ್ರಮಂದಿರದ ಸರ್ವರ್ ತೆಗೆದುಕೊಳ್ಳುವುದಿಲ್ಲ. ಸಬ್‌ಟೈಟಲ್ ಇಲ್ಲದ ಮೂಲ ಪ್ರತಿ, ಸಬ್‌ಟೈಟಲ್‌ನ ಪೂರಕ ಪ್ರತಿ ಎಂದು ಬೇರೆಬೇರೆ ಮಾಡಿದ್ದರೆ ಎರಡೂ ಹೋಗಬೇಕು. ಪೂರಕ ಒಂದೇ ಹೋದರೆ ಓಡುವುದಿಲ್ಲ.

ಎನ್‌ಕ್ರಿಪ್ಷನ್ ಬೇಡವೆಂಬುದು ನನ್ನ ನಿಲುವು. ಬೀಗ ಹಾಕಿದರೆ ಪ್ರತಿ ಸರ್ವರ್‌ಗೂ ಕೆಡಿಎಂ ಎಂಬ ಬೇರೆ ಕೀಲಿ ಬೇಕು, ಅದು ನಿಗದಿತ ಅವಧಿಗೆ ಮಾತ್ರ ತೆರೆಯುತ್ತದೆ. ಕೊನೆ ಗಳಿಗೆಯಲ್ಲಿ ಸಭಾಂಗಣ ಬದಲಾದರೆ, ಅಥವಾ ಅವಧಿಯನ್ನು ಭಾರತದ ಸಮಯದಲ್ಲಿ ನಮೂದಿಸಿದ್ದರೆ, ಪ್ರದರ್ಶನವೇ ನಿಲ್ಲಬಹುದು. ವಿತರಕರು ಹಟ ಹಿಡಿದರೆ ಪ್ರದರ್ಶನದ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸೇರಿಸಿ ಕೀಲಿ ಮಾಡಿಸುತ್ತೇನೆ, ಬದಲಿ ಸಭಾಂಗಣಕ್ಕೂ ಒಂದನ್ನು ಕೊಡಿಸುತ್ತೇನೆ.

ಕಳಿಸುವ ಮುನ್ನ ಊರಿನ ಚಿತ್ರಮಂದಿರವೊಂದನ್ನು ಬೆಳಗಿನ ಮೊದಲ ಆಟಕ್ಕೂ ಮುಂಚೆ ಬಾಡಿಗೆಗೆ ಹಿಡಿದು, ಕಳಿಸಲಿರುವ ಡಿಸ್ಕನ್ನೇ ಓಡಿಸಿ ನೋಡಬೇಕು. ಅತಿ ಕತ್ತಲ ದೃಶ್ಯ, ಅತಿ ಸದ್ದಿನ ದೃಶ್ಯ, ಬಿಳಿ ಹಿನ್ನೆಲೆಯ ಸಬ್‌ಟೈಟಲ್, ಕೊನೆಯ ಹೆಸರುಪಟ್ಟಿ ಇಷ್ಟನ್ನು ಬಿಡುವಂತಿಲ್ಲ. ಬಿಡುವಿದ್ದರೆ ಆರಂಭದಿಂದ ಕೊನೆವರೆಗೆ ಕೂತು ನೋಡಿ.