ಲೇಸರ್ ಅಲ್ಟ್ರಾಸೌಂಡ್: ಬಿರುಕು ಹುಡುಕಿ ಆಳ ಅಳೆಯುವಾಗ ನಾನು ಮಾಡುವುದು

ಒಂದು ಲೇಸರಿನ ಪಲ್ಸಿನಿಂದ ಲೋಹದಲ್ಲಿ ಅಲ್ಟ್ರಾಸೌಂಡ್ ಅಲೆ ಎಬ್ಬಿಸಿ, ಇನ್ನೊಂದು ಲೇಸರಿನಿಂದ ಅದನ್ನು ಗ್ರಹಿಸುವುದೇ ಲೇಸರ್ ಅಲ್ಟ್ರಾಸೌಂಡ್. 25 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟಿಗೆ ನಾನು ಬಳಸುವ ಜೋಡಣೆ ಇದು. ಅಲೆ ಎಬ್ಬಿಸಲು 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್, ಪಲ್ಸ್ 10 ನ್ಯಾನೊಸೆಕೆಂಡ್. ಸಿಲಿಂಡ್ರಿಕಲ್ ಲೆನ್ಸಿನಿಂದ ಕಿರಣವನ್ನು 8 × 0.4 ಮಿ.ಮೀ. ಗೆರೆಯಾಗಿಸಿ ಬಿರುಕಿಗೆ ಸಮಾನಾಂತರವಾಗಿ ಬೀಳಿಸುತ್ತೇನೆ. ಚುಕ್ಕೆಯಾಗಿ ಬಿಟ್ಟರೆ ಅಲೆ ಸುತ್ತಲೂ ಹರಡಿ ಸೊರಗುತ್ತದೆ. ಶಕ್ತಿ 3 ಮಿಲಿಜೂಲ್, ಅಂದರೆ ಚದರ ಸೆಂ.ಮೀ.ಗೆ ಸುಮಾರು 9 ಮೆಗಾವಾಟ್. ಸಿಗ್ನಲ್ ಸಾಲದೆಂದು ಏರಿಸುತ್ತ ಹೋದರೆ ‘ಚಟ್’ ಎಂದು ಕೇಳುತ್ತದೆ. ಲೋಹ ಆವಿಯಾಗಿ ಮೇಲ್ಮೈಗೆ ಕಲೆ ಬಿದ್ದಿತೆಂದೇ ಅರ್ಥ.

ಗ್ರಹಿಸಲು 532 ನ್ಯಾನೊಮೀಟರಿನ ಟೂ-ವೇವ್ ಮಿಕ್ಸಿಂಗ್ ಇಂಟರ್‌ಫೆರೋಮೀಟರ್, ಅಂದರೆ ಮೇಲ್ಮೈಯ ಸೂಕ್ಷ್ಮ ಅಲುಗಾಟವನ್ನು ಬೆಳಕಿನಿಂದ ಅಳೆಯುವ ಸಾಧನ. ಒರಟು ಮೇಲ್ಮೈಯಲ್ಲೂ ನಡೆಯುತ್ತದೆ; ಮೈಕೆಲ್ಸನ್ ಬಗೆಯ ಇಂಟರ್‌ಫೆರೋಮೀಟರಿಗಾದರೆ ಪಾಲಿಶ್ ಬೇಕು. ಸುರಕ್ಷಾ ಕನ್ನಡಕ ಎರಡೂ ತರಂಗಾಂತರಗಳನ್ನು ತಡೆಯಬೇಕು. ಆಸಿಲೋಸ್ಕೋಪಿಗೆ ಟ್ರಿಗರ್ (ದಾಖಲೆ ಶುರುಮಾಡುವ ಸೂಚನೆ) ಲೇಸರ್ ಪಲ್ಸನ್ನು ಗುರುತಿಸುವ ಫೋಟೋಡಯೋಡಿನಿಂದಲೇ ಕೊಡಿ. ಟ್ರಿಗರ್ ಅತ್ತಿತ್ತ ಸರಿದರೆ 64 ಪಲ್ಸುಗಳ ಸರಾಸರಿಯಲ್ಲಿ ಹೆಚ್ಚಿನ ಆವರ್ತನವೆಲ್ಲ ಅಳಿಸಿಹೋಗುತ್ತದೆ.

ಹುಡುಕುವಾಗ ಗೆರೆಯಿಂದ ಗ್ರಾಹಕ ಬಿಂದುವಿಗೆ 15 ಮಿ.ಮೀ., ಅದರಾಚೆ 10 ಮಿ.ಮೀ.ಗೆ ಬಿರುಕು ಎಂದುಕೊಳ್ಳಿ. ಮೇಲ್ಮೈಗುಂಟ ಸಾಗುವ ರೇಲೀ ಅಲೆಯ ವೇಗ ಸೆಕೆಂಡಿಗೆ ಸುಮಾರು 2900 ಮೀಟರ್. ನೇರ ಅಲೆ 5.2 ಮೈಕ್ರೊಸೆಕೆಂಡಿಗೆ, ಬಿರುಕಿಗೆ ಬಡಿದು ಮರಳಿದ್ದು 12ಕ್ಕೆ. ಎಡವುವುದು ಇಲ್ಲೇ: ಉದ್ದಲೆಯಾಗಿ (ಸಾಗುವ ದಿಕ್ಕಿನಲ್ಲೇ ಕಂಪಿಸುವ ಅಲೆ) ಇಳಿದು, ತಳದಲ್ಲಿ ಅಡ್ಡಲೆಯಾಗಿ (ಅಡ್ಡಕ್ಕೆ ಕಂಪಿಸುವುದು) ಬದಲಾಗಿ ಮೇಲೇರುವ ಪ್ರತಿಧ್ವನಿಯೂ 12ರ ಆಸುಪಾಸಿಗೇ ಬರುತ್ತದೆ. ಆಗ ಎರಡೂ ಕಿರಣಗಳನ್ನು ಅಂತರ ಬದಲಿಸದೆ ಬಿರುಕಿನತ್ತ 2 ಮಿ.ಮೀ. ಸರಿಸುತ್ತೇನೆ. ಬಿರುಕಿನದು 1.4 ಮೈಕ್ರೊಸೆಕೆಂಡ್ ಮುಂಚೆ ಬರುತ್ತದೆ, ತಳದ್ದು ಅಲುಗುವುದಿಲ್ಲ.

ಆಳ ಅಳೆಯಲು ಬಿರುಕು ಗೆರೆ ಮತ್ತು ಗ್ರಾಹಕ ಬಿಂದು ಎರಡರ ನಡುವೆ ಇರಬೇಕು. ರೇಲೀ ಅಲೆ ಸುಮಾರು ಒಂದು ತರಂಗಾಂತರದಷ್ಟೇ ಆಳಕ್ಕೆ ಇಳಿಯುವುದರಿಂದ ಕಡಿಮೆ ಆವರ್ತನ ಬಿರುಕಿನಡಿ ನುಸುಳುತ್ತದೆ, ಹೆಚ್ಚಿನದು ತಡೆದು ನಿಲ್ಲುತ್ತದೆ. ಬಿರುಕು ದಾಟಿ ಬಂದ ಅಲೆಯ ಸ್ಪೆಕ್ಟ್ರಮ್ಮನ್ನು (ಯಾವ ಆವರ್ತನದಲ್ಲಿ ಎಷ್ಟು ಬಲ ಎಂಬುದು) ಬಿರುಕಿಲ್ಲದ ಕಡೆಯದರಿಂದ ಭಾಗಿಸಿ, ಅನುಪಾತ ಅರ್ಧಕ್ಕಿಳಿಯುವ ಆವರ್ತನ ಗುರುತಿಸುತ್ತೇನೆ. ಅದನ್ನು ಆಳಕ್ಕೆ ತಿರುಗಿಸಲು ಸೂತ್ರ ನೆಚ್ಚುವುದಿಲ್ಲ. ಅದೇ ಲೋಹದಲ್ಲಿ ಇಡಿಎಂನಿಂದ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ವಿಧಾನ) ಕೊರೆಸಿದ 0.25, 0.5, 1, 2 ಮಿ.ಮೀ. ಗೀರುಗಳೇ ಅಳತೆಗೋಲು. 0.4 ಮಿ.ಮೀ. ಗೆರೆಯಲ್ಲಿ 7 ಮೆಗಾಹರ್ಟ್ಸ್ ಆಚೆ ಬಲವಿಲ್ಲ, 0.25ರ ಗೀರು ಸರಿಯಾಗಿ ಕಾಣುವುದಿಲ್ಲ. ಗೆರೆಯನ್ನು 0.2ಕ್ಕೆ ಇಳಿಸಿದರೆ ಶಕ್ತಿಯನ್ನೂ ಅರ್ಧ ಮಾಡಿ.

ಪದೇಪದೇ ಭಾರ ಬಿದ್ದು ಮೂಡುವ ನಿಜವಾದ ಆಯಾಸ ಬಿರುಕು ಇಡಿಎಂ ಗೀರಿನಂತೆ ಬಾಯ್ತೆರೆದಿರುವುದಿಲ್ಲ. ಮುಖಗಳು ಒತ್ತಿಕೊಂಡಲ್ಲಿ ಅಲೆ ದಾಟಿಬಿಡುತ್ತದೆ, ಆಳ ಕಡಿಮೆ ತೋರುತ್ತದೆ. ತುಣುಕನ್ನು ಹಗುರಾಗಿ ಬಾಗಿಸಿ ಬಾಯಿ ತೆರೆಸಿ ಮತ್ತೊಮ್ಮೆ ಅಳೆಯಿರಿ. ಎರಡು ಅಂಕಿ ಬೇರೆ ಬಂದರೆ ದೊಡ್ಡದನ್ನೇ ಬರೆಯಿರಿ. ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಚ್ಚುವುದಿದ್ದರೆ ಇದೆಲ್ಲ ಮುಗಿದ ಮೇಲೆ. ಒಳಗುಳಿದ ದ್ರವವೂ ಅಲೆಯನ್ನು ದಾಟಿಸುತ್ತದೆ.